ಅನ್ನಕ್ಕೆ ಗೇಟ್ ಪಾಸ್

ವಿಶ್ವವಿದ್ಯಾಲಯದ ಹಾಸ್ಟೆಲ್ ಮೆಸ್ಸಿನಲ್ಲಿ ಮಿಕ್ಕ ಅನ್ನವನ್ನು ಹಸಿದವರಿಗೆ ಮುಟ್ಟಿಸುವುದು ಬಹಳ ಸುಲಭ. ಮೊದಲು ಒಂದು ಸಮಿತಿ ಆಗಬೇಕು. ಕುಲಸಚಿವರು ಅಧ್ಯಕ್ಷರು, ಮುಖ್ಯ ವಾರ್ಡನ್ ಸಂಚಾಲಕರು, ಜೊತೆಗೆ ಎನ್‌ಎಸ್‌ಎಸ್ ಅಧಿಕಾರಿ, ಹಣಕಾಸು ಶಾಖೆಯಿಂದ ಒಬ್ಬರು, ಕಾನೂನು ಕೋಶದಿಂದ ಇನ್ನೊಬ್ಬರು. ಅಡುಗೆಯವರನ್ನು ಸೇರಿಸಿಕೊಳ್ಳುವುದು ಬೇಡ. ಅವರಿಗೆ ಅನ್ನದ ವಿಷಯ ಬಿಟ್ಟರೆ ಬೇರೇನೂ ಗೊತ್ತಿರುವುದಿಲ್ಲ.

ಸಮಿತಿ ಸೇರುವಷ್ಟರಲ್ಲಿ ಅನ್ನದ ಪಾಡು ಏನಾಗಿರುತ್ತದೆ ನೋಡೋಣ. 400 ಹುಡುಗರ ಮೆಸ್ಸಿನಲ್ಲಿ ಮಧ್ಯಾಹ್ನಕ್ಕೆ ಹೆಚ್ಚುಕಡಿಮೆ 50 ಕೆಜಿ ಅಕ್ಕಿ ಬೀಳುತ್ತದೆ. ಒಂದು ಕೆಜಿ ಅಕ್ಕಿಗೆ ಎರಡೂವರೆ ಕೆಜಿಯಿಂದ ಮೂರು ಕೆಜಿ ಅನ್ನ. ಹನ್ನೊಂದಕ್ಕೆ ಇಳಿಸಿದ ಅನ್ನ ಎರಡೂವರೆಗೆ ಕೌಂಟರ್ ಮುಚ್ಚುವಾಗ ಆಗಲೇ ಮೂರೂವರೆ ಗಂಟೆ ಹಳತು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರುತ್ತವೆ. ಕುದಿಸಿದರೂ ಅವು ಸಾಯುವುದಿಲ್ಲ. ಅನ್ನ 60 ಡಿಗ್ರಿಗಿಂತ ಕೆಳಗಿಳಿದು ಉಗುರುಬೆಚ್ಚಗೆ ಕೂತಿತೆಂದರೆ ಮೊಳೆತು, ಬೆಳೆದು, ವಾಂತಿ ತರಿಸುವ ವಿಷ ಬಿಡುತ್ತವೆ. ಆಮೇಲೆ ಎಷ್ಟು ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಆಳದ ಕೊಳಗದಲ್ಲಿ ಮುಚ್ಚಿಟ್ಟ ಅನ್ನದ ಮೇಲ್ಭಾಗ ಮುಟ್ಟಿದರೆ ತಣ್ಣಗಿರುತ್ತದೆ, ನಡುವೆ ಸಂಜೆಯವರೆಗೂ ಬೆಚ್ಚಗೇ ಇರುತ್ತದೆ. ಬ್ಯಾಕ್ಟೀರಿಯಾಗಳಿಗೆ ಇದಕ್ಕಿಂತ ಒಳ್ಳೆಯ ಹಾಸ್ಟೆಲ್ ಸಿಗುವುದಿಲ್ಲ, ಡೆಪಾಸಿಟ್ಟೂ ಕಟ್ಟಬೇಕಿಲ್ಲ.

ಇದಕ್ಕೆ ಮದ್ದು ಅಡುಗೆ ಭಟ್ಟರಿಗೆ ಗೊತ್ತು. ಬಡಿಸುವ ಕೌಂಟರಿಗೆ ಹೋಗುವ ಮೊದಲೇ ಒಂದು ಪಾಲನ್ನು ಮುಚ್ಚಳ ಬಿಗಿಯಿರುವ ಹಾಟ್ ಬಾಕ್ಸಿಗೆ ತುಂಬಿ ಪಕ್ಕಕ್ಕಿಡುವುದು, 60 ಡಿಗ್ರಿಗಿಂತ ಕೆಳಗಿಳಿಯುವ ಮುನ್ನ ಗಾಡಿ ಹತ್ತಿಸುವುದು. ಗಾಡಿ ತಡವೆಂದಾದರೆ ಎರಡು ಇಂಚಿಗಿಂತ ದಪ್ಪವಾಗದಂತೆ ತಟ್ಟೆಗಳಲ್ಲಿ ಹರಡಿ ಬೇಗ ಆರಿಸಿ ಫ್ರಿಜ್ಜಿಗೆ ಸೇರಿಸುವುದು. ಅನ್ನಕ್ಕೆ ಸಾಂಬಾರು ಕಲಸಿ ಕೊಡಬಾರದು, ಬೇರೆಬೇರೆಯೇ ಹೋಗಬೇಕು. ತೆಂಗಿನಕಾಯಿ ಚಟ್ನಿಯ ಆಸೆ ಬಿಡಬೇಕು, ಎಲ್ಲಕ್ಕಿಂತ ಮೊದಲು ಹಳಸುವುದು ಅದೇ. ಚಪಾತಿ, ಒಣ ಪಲ್ಯ, ಹುಣಸೆಹುಳಿಯ ಪುಳಿಯೋಗರೆ ತುಸು ತಾಳುತ್ತವೆ. ತಟ್ಟೆಯಲ್ಲಿ ಬಿಟ್ಟದ್ದನ್ನು ಯಾರಿಗೂ ಕೊಡುವಂತಿಲ್ಲ. ಕೈ ತೊಳೆಯುವ ಜಾಗದಲ್ಲಿ ‘ಇಂದು ವ್ಯರ್ಥವಾದ ಆಹಾರ ಇಷ್ಟು ಕೆಜಿ’ ಎಂದು ಬರೆಯುವ ಬೋರ್ಡು ಹೇಳುವುದು ಈ ಎಂಜಲಿನ ಲೆಕ್ಕವನ್ನು ಮಾತ್ರ. ಒಳಗೆ ಕೊಳಗದಲ್ಲಿ ಮುಟ್ಟದೆ ಮಿಕ್ಕದ್ದನ್ನು ಯಾವ ಬೋರ್ಡೂ ಬರೆಯುವುದಿಲ್ಲ, ಏಕೆಂದರೆ ಅದಕ್ಕೆ ಹುಡುಗರನ್ನು ಬೈಯಲು ಬರುವುದಿಲ್ಲ.

ಇಷ್ಟಕ್ಕೆಲ್ಲ ಬೇಕಾದ ಉಪಕರಣವೆಂದರೆ ಅನ್ನದ ನಡುವಿಗೆ ಚುಚ್ಚಿ ನೋಡುವ ಒಂದು ಥರ್ಮಾಮೀಟರ್. ಬೆಲೆ ಕೆಲವು ನೂರು ರೂಪಾಯಿ. ಸಮಿತಿ ಅದಕ್ಕೆ ಮೂರು ಕೊಟೇಶನ್ ಕರೆದಿದೆ. ಎರಡು ಬಂದಿವೆ.

ಈಗ ಗೇಟಿಗೆ ಬರೋಣ. ಅನ್ನ ಕ್ಯಾಂಪಸ್ಸಿನಿಂದ ಹೊರಗೆ ಹೋಗಬಹುದು, ಆದರೆ ಕೊಳಗ ಹೋಗುವಂತಿಲ್ಲ. ಕೊಳಗದ ಹೊಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ ದಾಸ್ತಾನು ಸಂಖ್ಯೆ ಬರೆದಿದೆ, ಅದು ಸ್ಟಾಕ್ ರಿಜಿಸ್ಟರಿನ ಆಸ್ತಿ. ಹೀಗಾಗಿ ಗೇಟ್ ಪಾಸ್ ಬೇಕು. ಫಾರಂನಲ್ಲಿ ಕಾಲಂಗಳು ಎರಡೇ: ಮರಳಿ ಬರುವ ವಸ್ತು, ಮರಳಿ ಬಾರದ ವಸ್ತು. ಗೇಟಿನ ಕಾವಲಿನವನಿಗೆ ಗೊಂದಲ.

“ಸಾರ್, ಇದು ಯಾವುದಕ್ಕೆ ಬರಿಲಿ?”

“ಪಾತ್ರೆ ವಾಪಸ್ ಬರುತ್ತಪ್ಪ, ಅನ್ನ ಬರಲ್ಲ.”

“ಹಂಗಾದ್ರೆ ಎರಡು ಪಾಸ್ ಬೇಕು ಸಾರ್. ಎರಡಕ್ಕೂ ವಾರ್ಡನ್ ಸಾಹೇಬ್ರ ಸೀಲು.”

ಸಾಹೇಬರು ಊಟಕ್ಕೆ ಹೋಗಿದ್ದಾರೆ. ನಗಬೇಡಿ, ಇಂಥ ಯೋಜನೆಗಳು ಎಷ್ಟೋ ಸಲ ಕೈಬಿಟ್ಟುಹೋಗುವುದು ಪಾತ್ರೆಯ ಕಾರಣಕ್ಕೇ. ಕೊಂಡೊಯ್ದ ಪಾತ್ರೆ ಮರುದಿನ ಬೆಳಿಗ್ಗೆ ತೊಳೆದು ವಾಪಸ್ ಬಾರದಿದ್ದರೆ ಆ ದಿನದ ಸಾಂಬಾರಿಗೆ ಪಾತ್ರೆಯಿಲ್ಲ, ಮೂರನೇ ದಿನ ಭಟ್ಟರು ‘ಇವತ್ತು ಏನೂ ಮಿಕ್ಕಿಲ್ಲ’ ಎನ್ನತೊಡಗುತ್ತಾರೆ. ಒಂದೇ ಅಳತೆಯ ನಾಲ್ಕು ಡಬ್ಬಿ ಹೆಚ್ಚಿಗೆ ಇಟ್ಟುಕೊಂಡು, ತುಂಬಿದ್ದು ಹೋಗಲು ಖಾಲಿಯದು ಬರಲು ಎಂದು ಬದಲಿ ಮಾಡಿಕೊಂಡರೆ ಮುಗಿಯಿತು. ಆದರೆ ನಾಲ್ಕು ಡಬ್ಬಿಗೂ ಕೊಟೇಶನ್ ಬೇಕು.

ಕಾನೂನು ಕೋಶದ ಕೆಲಸ ಬೇರೆಯೇ ಇದೆ. ಮಿಕ್ಕ ಆಹಾರವನ್ನು ಹಂಚುವುದಕ್ಕೆಂದೇ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2019ರಲ್ಲಿ ನಿಯಮ ತಂದಿದೆ. ಬೇಯಿಸಿದ ಆಹಾರಕ್ಕೆ ಅದರ ಹೆಸರು, ಎಲ್ಲಿಂದ ಬಂತು, ಯಾವಾಗ ಮಾಡಿದ್ದು, ಸಸ್ಯಾಹಾರವೋ ಮಾಂಸಾಹಾರವೋ ಎಂದು ಬರೆದು ಅಂಟಿಸಿ, ಲೆಕ್ಕದ ಪುಸ್ತಕ ಇಡಿ ಎನ್ನುತ್ತದೆ. ಒಂದು ಮಾರ್ಕರ್ ಪೆನ್ನು, ಒಂದು ಸುರುಳಿ ಟೇಪಿನ ಕೆಲಸ. ಕೋಶ ಅದನ್ನು ಓದಲಿಲ್ಲ. ಬದಲಿಗೆ ‘ತಿಂದವರಿಗೆ ಏನಾದರೂ ಆದರೆ ವಿಶ್ವವಿದ್ಯಾಲಯ ಹೊಣೆಯಲ್ಲ’ ಎಂದು ಅನ್ನ ಪಡೆಯುವ ಅನಾಥಾಶ್ರಮದವರು ಛಾಪಾ ಕಾಗದದಲ್ಲಿ ಬರೆದುಕೊಡಬೇಕು ಎಂದಿತು. ಅದೇ ಅನ್ನವನ್ನು ಅದೇ ಹೊತ್ತಿನಲ್ಲಿ ಉಣ್ಣುವ 400 ಹುಡುಗರಿಂದ ಯಾರೂ ಏನೂ ಬರೆಸಿಕೊಂಡಿಲ್ಲ. ಅಮೆರಿಕದಲ್ಲಿ ಸದ್ಭಾವನೆಯಿಂದ ಆಹಾರ ಕೊಟ್ಟವರಿಗೆ 1996ರಲ್ಲೇ ಕಾಯ್ದೆಯ ರಕ್ಷಣೆ ಸಿಕ್ಕಿತು. 2011ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಹುಡುಗರು ಊಟದ ಹಾಲ್‌ನಲ್ಲಿ ಮಿಕ್ಕದ್ದನ್ನು ತಾವೇ ಹೊತ್ತೊಯ್ಯಲು ಶುರುಮಾಡಿದರು. ಈ ವಿಷಯ ಸಮಿತಿಯ ಗಮನಕ್ಕೆ ಬಂದಿದ್ದು, ಅಧ್ಯಯನ ಪ್ರವಾಸದ ಪ್ರಸ್ತಾವನೆ ಸಿದ್ಧವಾಗುತ್ತಿದೆ.

ಹಸಿದವರು ಅಂದರೆ ಯಾರು ಎಂಬ ಪ್ರಶ್ನೆಯೂ ಸಮಿತಿಯಲ್ಲಿ ಎದ್ದಿತ್ತು. ಗೇಟಿನ ಹೊರಗಿದ್ದು ಫೋಟೋಕ್ಕೆ ಸಿಗುವವರು ಎಂದು ತೀರ್ಮಾನವಾಯಿತು. ಹಾಸ್ಟೆಲ್ ಸೀಟು ಸಿಗದೆ ಬಾಡಿಗೆ ರೂಮಿನಲ್ಲಿ ಒಂದೇ ಹೊತ್ತು ಉಂಡು ಓದುವ ಹುಡುಗಿ ಇದರಲ್ಲಿ ಬರುವುದಿಲ್ಲ. ಅದೇ ಕೊಳಗ ತಿಕ್ಕುವ ಹೊರಗುತ್ತಿಗೆಯ ಹೆಂಗಸರೂ ಬರುವುದಿಲ್ಲ. ಮಿಕ್ಕ ಅನ್ನವನ್ನು ಹಂದಿ ಸಾಕುವವರ ಡ್ರಮ್ಮಿಗೆ ಸುರಿಯುವುದು ಅವರ ಡ್ಯೂಟಿ, ಅದರಲ್ಲೇ ಎರಡು ಸೌಟು ಡಬ್ಬಿಗೆ ಹಾಕಿಕೊಂಡರೆ ಕಳವು. ಸಂಜೆ ಗೇಟಿನಲ್ಲಿ ಅವರ ಬ್ಯಾಗು ತೆರೆಸಿ ನೋಡುತ್ತಾರೆ.

ಇಷ್ಟಕ್ಕೂ ಅಷ್ಟೊಂದು ಅನ್ನ ಮಿಗುವುದೇಕೆ? ಮೆಸ್ ಕಟ್ ನಿಯಮದಿಂದ. ಸತತ ಮೂರು ದಿನ ಇಲ್ಲದಿದ್ದರೆ ಮಾತ್ರ ಬಿಲ್ಲಿನಲ್ಲಿ ಕಡಿತ. ಶನಿವಾರ ಊರಿಗೆ ಹೋಗಿ ಸೋಮವಾರ ಬೆಳಿಗ್ಗೆ ಬರುವ ಹುಡುಗನಿಗೆ ಹೇಳಿ ಹೋದರೂ ಒಂದು ರೂಪಾಯಿ ಉಳಿಯುವುದಿಲ್ಲ, ಹಾಗಾಗಿ ಹೇಳುವುದೂ ಇಲ್ಲ. ಭಟ್ಟರು ಎಂದಿನಂತೆ 50 ಕೆಜಿ ಅಕ್ಕಿ ಹಾಕುತ್ತಾರೆ, ಭಾನುವಾರ ಅರ್ಧ ಹಾಲ್ ಖಾಲಿ. ಒಂದು ದಿನಕ್ಕೂ ಕಟ್ ಕೊಟ್ಟು, ಗುರುವಾರ ಸಂಜೆಯೊಳಗೆ ಹೆಸರು ಬರೆಸಿಕೊಂಡರೆ ದಾನ ಮಾಡಲು ಹೆಚ್ಚೇನೂ ಉಳಿಯುವುದಿಲ್ಲ.

ಈ ಸಲಹೆಯನ್ನು ಸಮಿತಿ ತಳ್ಳಿಹಾಕಿತು. ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್‌ನ 7ನೇ ಮಾನದಂಡದಡಿ ‘ಉತ್ತಮ ಪದ್ಧತಿ’ ಎಂದು ತೋರಿಸಲು ಆಯ್ಕೆಯಾಗಿರುವುದು ಈ ಆಹಾರ ದಾನ, ಮಿಗದಿದ್ದರೆ ತೋರಿಸುವುದೇನನ್ನು? ತಂಡ ಪರಿಶೀಲನೆಗೆ ಬರುವ ವಾರ 20 ಕೆಜಿ ಅಕ್ಕಿ ಹೆಚ್ಚು ಹಾಕುವಂತೆ ಭಟ್ಟರಿಗೆ ಸೂಚನೆ ಹೋಗಿದೆ. ಅದು ಮೌಖಿಕ, ಅದಕ್ಕೆ ಕೊಟೇಶನ್ನೂ ಬೇಕಾಗಲಿಲ್ಲ, ಸೀಲೂ ಬೇಕಾಗಲಿಲ್ಲ.