ನೀರಿನ ರಜಿಸ್ಟರ್ ತೋರಸ್ರೀ

ನಮ್ಮ ಗದಗ ಜಿಲ್ಲೆಯ ಊರುಗಳಲ್ಲಿ ನೀರಿನ ಮಾತು ಬಂತೆಂದರೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ನೀರು ಯಾವಾಗ ಬಿಡ್ತಾರ?" ಬಿಟ್ಟ ನೀರು ಕುಡಿಯೋಕೆ ಯೋಗ್ಯ ಐತೋ ಇಲ್ಲೋ ಅಂತ ಕೇಳುವವರು ಕಡಿಮೆ. ವಾರಗಟ್ಟಲೆ ಕಾದು ಕೊಡ ತುಂಬಿಸಿಕೊಳ್ಳುವವರಿಗೆ ನೀರು ಬಂದದ್ದೇ ದೊಡ್ಡದು, ನಿಜ. ಆದರೆ ಹಾಗೆ ಅಪರೂಪಕ್ಕೆ ಬರುವ ನೀರಿನ ಬಗ್ಗೆಯೇ ಹೆಚ್ಚು ಕೇಳಬೇಕು ಅನ್ನುವವನು ನಾನು. ನೀರು ನಿಲ್ಲಿಸಿದಾಗ ಪೈಪಿನೊಳಗಿನ ಒತ್ತಡ ಇಳಿಯುತ್ತದೆ. ನಮ್ಮ ಓಣಿಗಳಲ್ಲಿ ಮನೆ ನಳದ ಪೈಪು ಎಷ್ಟೋ ಕಡೆ ಗಟಾರದೊಳಗಿಂದಲೇ ಹಾಯ್ದು ಬಂದಿರುತ್ತದೆ. ಎಲ್ಲಿ ಜಾಯಿಂಟ್ ಸಡಿಲವಾಗಿದೆಯೋ ಅಲ್ಲಿಂದ ಗಟಾರದ ನೀರು ಒಳಗೆ ಸೇರುತ್ತದೆ. ಮುಂದೆ ನೀರು ಬಿಟ್ಟಾಗ ಎಲ್ಲಕ್ಕಿಂತ ಮೊದಲು ಮನೆಗೆ ಬರುವುದು ಅದೇ.

ಹೋದ ಮಳೆಗಾಲದಲ್ಲಿ ನಮ್ಮ ಓಣಿಯ ಮಕ್ಕಳಿಗೆ ಒಬ್ಬರ ಹಿಂದೆ ಒಬ್ಬರಿಗೆ ವಾಂತಿ-ಭೇದಿ ಶುರುವಾಯಿತು. "ಹೊರಗಿಂದು ಏನರ ತಿಂದಿರಬೇಕು ಬಿಡ್ರಿ" ಅಂದರು ಹಿರಿಯರು. ಇರಬಹುದು. ಆದರೆ ಆ ದಿನಗಳಲ್ಲಿ ನಳದ ನೀರನ್ನು ಯಾರಾದರೂ ಪರೀಕ್ಷೆ ಮಾಡಿದ್ದರೇ? ಅದನ್ನು ತಿಳಿಯಬೇಕೆಂದು ಪುರಸಭೆಗೆ ಮಾಹಿತಿ ಹಕ್ಕು ಅರ್ಜಿ ಹಾಕಿದೆ. ಯಾವ ಪುರಸಭೆ ಅಂತ ಇಲ್ಲಿ ಹೇಳುವುದಿಲ್ಲ. ಹೆಸರು ಹೇಳಿದರೆ ಮಾತು ಆ ಒಂದು ಕಚೇರಿಗೆ ನಿಂತುಬಿಡುತ್ತದೆ.

ಮೊದಲು ಬಂದ ಉತ್ತರ ಒಂದೇ ಸಾಲು: "ನೀರಿನ ಗುಣಮಟ್ಟ ಸಮರ್ಪಕವಾಗಿರುತ್ತದೆ." ಅದು ಅಭಿಪ್ರಾಯ, ದಾಖಲೆಯಲ್ಲ. ಮೇಲ್ಮನವಿ ಹಾಕಿದ ಮೇಲೆ, ನೀರಿನ ರೋಗಾಣು ಕೊಲ್ಲಲು ಹಾಕುವ ಕ್ಲೋರಿನ್‌ನ ರಜಿಸ್ಟರಿನ ಝೆರಾಕ್ಸ್ ಕೈಗೆ ಬಂತು. ಗೆರೆ ಹಾಕಿದ ಪುಟಗಳು. ದಿನಾಂಕ, ಟ್ಯಾಂಕಿನ ಹೆಸರು, ಶೇಷ ಕ್ಲೋರಿನ್ (ಅಂದರೆ ನೀರಿನಲ್ಲಿ ಇನ್ನೂ ಉಳಿದಿರುವ ಕ್ಲೋರಿನ್), ಸಹಿ. ಇಡೀ ತಿಂಗಳು 0.2, 0.2, 0.2. ಒಂದೇ ಪೆನ್ನು, ಒಂದೇ ಓಟದ ಅಕ್ಷರ, ಭಾನುವಾರಕ್ಕೂ ಬಿಡುವಿಲ್ಲ. ನೀರು ಬಿಡದ ದಿನಗಳಲ್ಲೂ 0.2. ಎಷ್ಟು ಗಂಟೆಗೆ, ಯಾರ ಮನೆಯ ನಳದಲ್ಲಿ ನೋಡಿದರು ಅನ್ನುವ ಕಾಲಂ ಇಲ್ಲವೇ ಇಲ್ಲ.

ಈ 0.2 ಎಲ್ಲಿಂದ ಬಂತು ಅಂದರೆ, ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ, ಕ್ಲೋರಿನ್ ಹಾಕಿದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಶೇಷ ಕ್ಲೋರಿನ್ ಉಳಿದಿರಬೇಕು ಅಂತಿದೆ. ಅದನ್ನು ನೋಡಬೇಕಾದದ್ದು ಬಳಸುವವರ ತುದಿಯಲ್ಲಿ, ಅಂದರೆ ನಮ್ಮ ನಳದಲ್ಲಿ. ಟ್ಯಾಂಕಿನ ಬುಡದಲ್ಲೇ 0.2 ಇದ್ದರೆ ಕೊನೆಯ ಓಣಿ ಮುಟ್ಟುವಷ್ಟರಲ್ಲಿ ಏನು ಉಳಿದೀತು? ಹಾಗಾಗಿ ಆ ರಜಿಸ್ಟರನ್ನು ನಿಜವೆಂದೇ ನಂಬಿದರೂ ನಮ್ಮ ಓಣಿಯ ನೀರಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಇದಕ್ಕೆಲ್ಲ ನಾನು ನೀರು ಬಿಟ್ಟು ರಜಿಸ್ಟರಿಗೆ ಸಹಿ ಹಾಕುವ ವಾಲ್ವ್‌ಮನ್ ಅಣ್ಣನನ್ನು ದೂರುವುದಿಲ್ಲ. ಅವರನ್ನು ಕೇಳಿದಾಗ ಅವರು ಹೇಳಿದ್ದು ಇಷ್ಟೇ: "ಟೆಸ್ಟ್ ಮಾಡೂ ಔಷಧ ಮುಗದು ಭಾಳ ದಿನಾ ಆತ್ರೀ ಸರ್. ಕೊಟ್ರ ನಾ ಯಾಕ ಮಾಡಂಗಿಲ್ಲ?" ಕ್ಲೋರಿನ್ ಪರೀಕ್ಷೆ ದೊಡ್ಡ ವಿದ್ಯೆಯೇನಲ್ಲ. ಸಣ್ಣ ಗಾಜಿನ ನಳಿಕೆಯಲ್ಲಿ ನೀರು ಹಿಡಿದು ಓಟಿ ದ್ರಾವಣದ ಹನಿ ಬಿಟ್ಟರೆ ಕ್ಲೋರಿನ್ ಇದ್ದ ನೀರು ಹಳದಿಗೆ ತಿರುಗುತ್ತದೆ. ಮಲದ ಸೋಂಕು ನೋಡಲು ಎಚ್‌ಟುಎಸ್ ಬಾಟಲಿ ಇದೆ. ಗುರುತಿನವರೆಗೆ ನೀರು ತುಂಬಿಸಿ ಒಂದೆರಡು ದಿನ ಇಟ್ಟು ನೋಡಬೇಕು, ಕಪ್ಪಾದರೆ ಆ ನೀರನ್ನು ನಂಬುವಂತಿಲ್ಲ. ಇಷ್ಟನ್ನೂ ಕೊಡದೆ ಬರೀ ಸಹಿ ಮಾಡಿಸಿಕೊಂಡರೆ, ನಾಳೆ ಏನಾದರೂ ಆದಾಗ ಸಿಕ್ಕಿಬೀಳುವುದು ಆ ಸಹಿ ಹಾಕಿದ ಬಡಪಾಯಿಯೇ. ರಜಿಸ್ಟರ್ ಕೇಳಿದರೆ ಸಿಬ್ಬಂದಿಗೆ ಕಿರುಕುಳ ಕೊಟ್ಟಂತೆ ಅನ್ನುವವರು ಇದನ್ನು ಯೋಚಿಸಬೇಕು.

ಅರ್ಜಿ ಬರೆಯುವ ರೀತಿಯ ಬಗ್ಗೆ ನಾಕು ಮಾತು ಹೇಳಲೇಬೇಕು, ಯಾಕೆಂದರೆ ಒಳ್ಳೆಯ ಅರ್ಜಿಗಳು ಬಿದ್ದುಹೋಗುವುದು ಇಲ್ಲೇ. "ನೀರು ಯಾಕೆ ಹೊಲಸು ಬರುತ್ತಿದೆ, ಯಾರು ಹೊಣೆ, ಏನು ಕ್ರಮ ಕೈಗೊಳ್ಳುತ್ತೀರಿ" ಅಂತ ಬರೆಯುತ್ತಾರೆ. ಅದು ಮಾಹಿತಿಯಲ್ಲ, ಪ್ರಶ್ನೆ ಅಂತ ಹಿಂದಕ್ಕೆ ಕಳಿಸುತ್ತಾರೆ. ಕಚೇರಿಯಲ್ಲಿ ಇರುವ ದಾಖಲೆಯನ್ನು ಕೊಡಬೇಕೇ ಹೊರತು ಇಲ್ಲದ್ದನ್ನು ಹೊಸದಾಗಿ ಬರೆದು ಕೊಡಬೇಕಿಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದ್ದರಿಂದ ದಾಖಲೆಯ ಹೆಸರು ಹಿಡಿದೇ ಕೇಳಿ: ಇಂತಿಂಥ ತಿಂಗಳ ಶೇಷ ಕ್ಲೋರಿನ್ ರಜಿಸ್ಟರ್, ಪ್ರಯೋಗಾಲಯದಿಂದ ಬಂದ ನೀರಿನ ಪರೀಕ್ಷಾ ವರದಿಗಳು, ಬ್ಲೀಚಿಂಗ್ ಪೌಡರ್ ದಾಸ್ತಾನು ವಹಿ, ಪೈಪ್ ಒಡೆದ ದೂರುಗಳ ವಹಿ, ಟ್ಯಾಂಕ್ ತೊಳೆದ ದಿನಾಂಕಗಳ ದಾಖಲೆ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ದಾಟಬಾರದು. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. ಯಾಕೆ ಬೇಕು ಅಂತ ಕೇಳುವ ಅಧಿಕಾರ ಯಾರಿಗೂ ಇಲ್ಲ, ಮಾಹಿತಿ ಹಕ್ಕು ಕಾಯ್ದೆಯ ಕಲಂ 6(2) ನೋಡಿ. ವರದಿ ಬೇರೆ ಇಲಾಖೆಯಲ್ಲಿದೆ ಅಂದರೆ 5 ದಿನದೊಳಗೆ ಅರ್ಜಿಯನ್ನು ಅವರೇ ಅಲ್ಲಿಗೆ ವರ್ಗಾಯಿಸಬೇಕು. ದೂರಿನ ವಹಿಯಲ್ಲಿ ಜನರ ಹೆಸರಿದೆ, ಕೊಡಲು ಬರುವುದಿಲ್ಲ ಅಂದರೆ ಹೆಸರು ಮುಚ್ಚಿ ಉಳಿದದ್ದನ್ನು ಕೊಡಿ ಅನ್ನಿ. ಅದಕ್ಕೆಂದೇ ಕಲಂ 10 ಇರುವುದು.

30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ತಡ ಮಾಡಿದ ಅಧಿಕಾರಿಗೆ ಆಯೋಗವು ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕಬಹುದು. ನನಗೆ ಎಲ್ಲಕ್ಕಿಂತ ಬೆಲೆಬಾಳುವುದು ಅನಿಸುವುದು ಕಲಂ 2(ಜೆ). ಝೆರಾಕ್ಸ್ ಅಷ್ಟೇ ಅಲ್ಲ, ಕಚೇರಿಗೆ ಹೋಗಿ ಮೂಲ ರಜಿಸ್ಟರನ್ನೇ ಕೈಯಲ್ಲಿ ಹಿಡಿದು ನೋಡುವ ಹಕ್ಕು ಅದರಲ್ಲಿದೆ. ಮೂಲ ವಹಿಯಲ್ಲಿ ಶಾಯಿ ಕಾಣುತ್ತದೆ, ಖಾಲಿ ಬಿಟ್ಟ ಪುಟ ಕಾಣುತ್ತದೆ.

ಇನ್ನು ಮುಂಡರಗಿ ಕಡೆಯವರಿಗೆ ಬೇರೆಯೇ ಮಾತು. ಅಲ್ಲಿನ ಬೋರಿನ ನೀರಿನಲ್ಲಿ ಫ್ಲೋರೈಡ್. ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರ ತನಕ ನಡೆಯುತ್ತದೆ ಅನ್ನುತ್ತದೆ ಅದೇ ಮಾನಕ. ಬ್ಲೀಚಿಂಗ್ ಹಾಕಿದರೆ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ವಯಸ್ಸಾದವರ ಕೀಲು ಬಿಗಿತ, ಇವು ಬಂದ ಮೇಲೆ ವರದಿ ಓದಿ ಏನು ಮಾಡುವುದು? ಅಲ್ಲಿಯವರು ಕ್ಲೋರಿನ್ ಜತೆಗೆ ಶುದ್ಧ ನೀರಿನ ಘಟಕದ ನೀರನ್ನು ಕೊನೆಯ ಸಲ ಯಾವಾಗ ಪರೀಕ್ಷೆ ಮಾಡಿಸಿದ್ದು ಅನ್ನುವ ದಾಖಲೆಯನ್ನೂ ಕೇಳಬೇಕು. ಕಾಯಿನ್ ಹಾಕಿ ತುಂಬಿಸಿಕೊಂಡ ನೀರು ಶುದ್ಧವೇ ಇರುತ್ತದೆ ಅಂತ ಎಲ್ಲರೂ ನಂಬಿ ಕೂತಿದ್ದೇವೆ.

ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ 2023ರ ಆಗಸ್ಟ್‌ನಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಸಾವಾದ ಮೇಲೆ ಎಲ್ಲ ಕಡೆ ಅಧಿಕಾರಿಗಳ ಜೀಪು ಬರುತ್ತದೆ, ಸ್ಯಾಂಪಲ್ ಹೋಗುತ್ತದೆ, ವರದಿ ಬರುತ್ತದೆ. ಅದೇ ವರದಿಯನ್ನು ಯಾರೂ ಸಾಯದಿದ್ದಾಗ ಕೇಳಿದರೆ "ನಿಮಗ್ಯಾಕ್ರಿ ಬೇಕು ಇವೆಲ್ಲಾ?" ಅನ್ನುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ದುಡ್ಡಿಲ್ಲ ಅನ್ನುವ ನೆಪಕ್ಕೂ ಉತ್ತರ ಎಂದೋ ಸಿಕ್ಕಿದೆ. ಮಧ್ಯಪ್ರದೇಶದ ರತ್ಲಾಮ್‌ನ ಒಂದು ವಾರ್ಡಿನ ಜನ ಹರಿಯುವ ಗಟಾರದ ಬಗ್ಗೆ ಕೋರ್ಟಿಗೆ ಹೋದಾಗ ಅಲ್ಲಿನ ನಗರಸಭೆ ಹಣವಿಲ್ಲ ಎಂದಿತ್ತು. 1980ರಲ್ಲಿ ಸುಪ್ರೀಂ ಕೋರ್ಟ್ ಆ ಮಾತನ್ನು ಒಪ್ಪಲಿಲ್ಲ.

ನಿಜ ಹೇಳಬೇಕೆಂದರೆ ಈ ಅರ್ಜಿಗಳೇ ಬೇಕಾಗಬಾರದು. ಇಂಥ ಮಾಹಿತಿಯನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಅನ್ನುವುದು ಕಲಂ 4ರ ಆಶಯ. ಪ್ರತಿ ಟ್ಯಾಂಕಿನ ಗೇಟಿಗೆ ಒಂದು ಕರಿಹಲಗೆ, ಅದರ ಮೇಲೆ ಆ ದಿನ ನೋಡಿದ ನಳ ಯಾವ ಓಣಿಯದು, ಕ್ಲೋರಿನ್ ಎಷ್ಟು, ಹೊತ್ತು ಎಷ್ಟು. ಇದಕ್ಕೆ ಟೆಂಡರ್ ಬೇಡ, ಯೋಜನೆ ಬೇಡ. ಮುಂದಿನ ಸಾಮಾನ್ಯ ಸಭೆಯಲ್ಲಿ ಇದನ್ನು ಎತ್ತಬೇಕೆಂದು ನಮ್ಮ ವಾರ್ಡಿನ ಸದಸ್ಯರಿಗೆ ಓಣಿಯವರೆಲ್ಲ ಸಹಿ ಮಾಡಿ ಪತ್ರ ಕೊಟ್ಟಿದ್ದೇವೆ. ನಿಮ್ಮ ವಾರ್ಡಿನಲ್ಲೂ ಕೊಡ್ರಿ. ಬರೆಯಲು ಬಾರದವರು ಅಂಜಬೇಕಿಲ್ಲ, ಬಾಯಲ್ಲಿ ಹೇಳಿದ ಅರ್ಜಿಯನ್ನು ಬರೆದುಕೊಳ್ಳಲು ನೆರವಾಗುವುದು ಮಾಹಿತಿ ಅಧಿಕಾರಿಯ ಕರ್ತವ್ಯವೆಂದು ಕಲಂ 6ರಲ್ಲೇ ಇದೆ.