ಅಠಾರ ಕಚೇರಿಯಿಂದ ಹೈಕೋರ್ಟ್ ಹೊರಡಬೇಕೆ?

ಪರ

ಅಠಾರ ಎಂದರೆ ಹದಿನೆಂಟು. 1831ರಿಂದ ಟಿಪ್ಪುವಿನ ಬೇಸಿಗೆ ಅರಮನೆಯಲ್ಲಿ ನಡೆಯುತ್ತಿದ್ದ ಸರ್ಕಾರಿ ಕಚೇರಿಗಳಿಗೆ ಅಲ್ಲಿ ಜಾಗ ಸಾಲದಾದಾಗ ಈ ಕೆಂಪು ಕಟ್ಟಡ ಎದ್ದಿತು. 1868ರಲ್ಲಿ ಹದಿನೆಂಟು ಇಲಾಖೆಗಳು ಬಂದು ಸೇರಿದವು, ಜನ ಅದನ್ನೇ ಹೆಸರು ಮಾಡಿದರು. 1956ರಲ್ಲಿ ಎದುರಿಗೆ ವಿಧಾನಸೌಧ ಸಿದ್ಧವಾಯಿತು, ಇಲಾಖೆಗಳು ರಸ್ತೆ ದಾಟಿದವು. ಕಟ್ಟಡಕ್ಕೇನೂ ಆಗಲಿಲ್ಲ. ಹೈಕೋರ್ಟ್ ದಾಟಿದರೂ ಆಗುವುದಿಲ್ಲ.

ನ್ಯಾಯಮೂರ್ತಿಗಳ ಮಂಜೂರಾದ ಹುದ್ದೆ 62. ಕೆಲವರು ಧಾರವಾಡ, ಕಲಬುರಗಿ ಪೀಠಗಳಲ್ಲಿ ಕೂತರೂ ಇಲ್ಲಿನ ಇಕ್ಕಟ್ಟು ಇಳಿದಿಲ್ಲ. ಕೇಸಿನ ಕಟ್ಟನ್ನು ಎದೆಗವಚಿ ನಿಂತ ಜೂನಿಯರ್ ವಕೀಲರ ನಡುವೆ ನುಸುಳಿಕೊಂಡೇ ಕಾರಿಡಾರ್ ದಾಟಬೇಕು. ವಿಸ್ತರಿಸೋಣವೆಂದರೆ ಪಕ್ಕದಲ್ಲೇ ಕಬ್ಬನ್ ಪಾರ್ಕ್. 1975ರ ಉದ್ಯಾನ ಸಂರಕ್ಷಣಾ ಕಾಯ್ದೆ ಅಡ್ಡ ನಿಂತಿದೆ, ನಿಲ್ಲಲೇಬೇಕು. ಕೋರ್ಟು ವಿಶಾಲವಾದ ಕಡೆ ಹೋಗಲಿ, ಬೇಲಿಯಾಚೆಯಿಂದಷ್ಟೇ ಈ ಕಟ್ಟಡ ನೋಡಿದ ಬೆಂಗಳೂರಿಗರು ಒಳಗೆ ಓಡಾಡಲಿ.

ವಿರೋಧ

ಇಲಾಖೆಗಳು ಹೋದಾಗ ಕಟ್ಟಡ ಉಳಿದದ್ದು ಒಳಗೆ ಕೋರ್ಟು ಇದ್ದದ್ದರಿಂದ. ಅಷ್ಟಾದರೂ 1980ರ ದಶಕದಲ್ಲಿ ಇದನ್ನು ಕೆಡವಲು ಹೊರಟಿದ್ದರು. ನಾಗರಿಕರು ದನಿ ಎತ್ತಿದರು, ಕೋರ್ಟಿನ ಮೆಟ್ಟಿಲನ್ನೂ ಹತ್ತಿದರು. ಜನ ತುಂಬಿದ ಕಟ್ಟಡಕ್ಕೇ ಈ ಗತಿ ಬಂದಿತ್ತು. ಬೀಗ ಹಾಕಿದ ಮೇಲೆ ಸೋರುವ ಮಾಡನ್ನು ಯಾರು ನೋಡುತ್ತಾರೆ? ವಸ್ತುಸಂಗ್ರಹಾಲಯ ಮಾಡುತ್ತೇವೆ ಎಂಬ ಮಾತನ್ನು ನಾನು ನಂಬಲಾರೆ. ಅದಕ್ಕೆ ದುಡ್ಡು ಬರುವ ಹೊತ್ತಿಗೆ ಗೋಡೆ ಎಷ್ಟು ಮಳೆ ಕುಡಿದಿರುತ್ತದೋ.

ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು. ನಮ್ಮ ದೊಡ್ಡಪ್ಪನ ಜಮೀನು ಸರ್ಕಾರದ ಸ್ವಾಧೀನಕ್ಕೆ ಹೋಗಿತ್ತು. ಹಳ್ಳಿಯಿಂದ ರಾತ್ರಿ ಬಸ್ಸಿಗೆ ಬಂದು, ಮೆಜೆಸ್ಟಿಕ್ಕಿನಲ್ಲಿ ಮುಖ ತೊಳೆದು, ಆಟೋದವನಿಗೆ "ವಿಧಾನಸೌಧದ ಎದುರಿನ ಕೆಂಪು ಕಟ್ಟಡ, ಹೋಗಪ್ಪಾ" ಎನ್ನುತ್ತಿದ್ದರು. ಕೋರ್ಟ್ ಹಾಲಿನ ನಂಬರ್ ಅವರಿಗೆ ಒಮ್ಮೆಯೂ ನೆನಪಿರಲಿಲ್ಲ. ಮುಂದಿನ ದಿನಾಂಕ ಬರೆದ ಚೀಟಿಯನ್ನು ಪಂಚೆಯ ಮಡಿಲಿಗೆ ಸಿಕ್ಕಿಸಿಕೊಂಡು ಹೊರಗೆ ಬಂದರೆ ಕಣ್ಣೆದುರಿಗೇ "ಸರ್ಕಾರದ ಕೆಲಸ ದೇವರ ಕೆಲಸ" ಎಂಬ ಅಕ್ಷರಗಳು. ಒಮ್ಮೆ ಅದನ್ನು ಓದಿ, ತಿರುಗಿ ಕೆಂಪು ಕಟ್ಟಡ ನೋಡಿ, "ತಪ್ಪಾದ್ರೆ ಕೇಳೋರು ಎದುರುಗಡೇನೇ ಕೂತವ್ರಲ್ಲ, ಬಿಡು" ಎಂದರು.

ಆ ಎದುರುಗಡೆಯನ್ನು ಊರಾಚೆಗೆ ಸಾಗಿಸಬೇಡಿ.