ಪ್ಲೈವುಡ್‌ಗೆ ತೂತು ಹಾಕದೆ ಬ್ರಿಡ್ಜ್ ಆಗಲ್ಲ

ಮೊನ್ನೆ ಮಾಡೆಲ್ ರೈಲು ಹುಚ್ಚಿರೋ ನಾವೊಂದು ನಾಲ್ಕೈದು ಜನ ಕಾಫಿಗೆ ಸೇರಿದ್ವಿ, ಅದರಲ್ಲೊಬ್ರು ತಾವು ಕಟ್ಟಿದ ಬ್ರಿಡ್ಜ್ ಫೋಟೋ ಮೊಬೈಲಲ್ಲಿ ತೋರಿಸಿದ್ರು. ಕೆಲಸ ಅಂದ್ರೆ ಕೆಲಸ, ಒಂದೊಂದು ರಿವೆಟ್ಟೂ ಎದ್ದು ಕಾಣ್ತಿತ್ತು. ಎಲ್ಲಿ ಕೂರಿಸಿದೀರಾ ಸಾರ್ ಅಂದೆ, ಶೋಕೇಸಲ್ಲಿ ಅಂದ್ರು. ಎರಡು ವರ್ಷದಿಂದ ಅಲ್ಲೇ ಇದೆಯಂತೆ! ನಾನು ಸುಮ್ನಿರೋದು ಬಿಟ್ಟು ಶೋಕೇಸಲ್ಲಿರೋದು ಬ್ರಿಡ್ಜಲ್ಲ ಸಾರ್ ಗೊಂಬೆ ಅಂದ್ಬಿಟ್ಟೆ, ಅವರ ಮುಖ ಸ್ವಲ್ಪ ಸಣ್ಣಗಾಯ್ತು. ಅದಕ್ಕೆ ನಂದೂ ಎಂಟು ತಿಂಗಳು ಟಿವಿ ಸ್ಟ್ಯಾಂಡ್ ಮೇಲೆ ಧೂಳು ತಿಂದ ಕತೇನ ಇಲ್ಲಿ ಬರೆದು ಪಾಪ ಕಳ್ಕೊಳ್ತಿದೀನಿ.

ನಂದು ಅಮೆರಿಕದ ಸೆಂಟ್ರಲ್ ವ್ಯಾಲಿ ಕಂಪನಿಯ ಪ್ಲಾಸ್ಟಿಕ್ ಕಿಟ್, 150 ಅಡಿ ಪ್ರಾಟ್ ಟ್ರಸ್ (ಟ್ರಸ್ ಅಂದ್ರೆ ಪಟ್ಟಿಗಳನ್ನ ತ್ರಿಕೋನ ತ್ರಿಕೋನವಾಗಿ ಜೋಡಿಸಿದ ಚೌಕಟ್ಟು), ಎಚ್‌ಒ ಸ್ಕೇಲು, ಅಂದ್ರೆ ನಿಜವಾದದ್ದರ 87ನೇ ಒಂದು ಭಾಗ, ಉದ್ದ 52 ಸೆಂಟಿಮೀಟರ್ ಚಿಲ್ಲರೆ. ಅಮೆರಿಕದ ಬ್ರಿಡ್ಜ್ ಮೇಲೆ ನಮ್ಮ ನೀಲಿ ಬೋಗಿ ಓಡಿಸ್ತೀಯಲ್ಲೋ ಅಂತ ಆಡ್ಕೊಳ್ಳೋರು ಒಂದು ಲೆಕ್ಕ ನೋಡ್ಕೊಳಿ, ನಮ್ಮ ರೈಲ್ವೆ ಸೇತುವೆ ಗರ್ಡರ್‌ಗಳ ಸ್ಟ್ಯಾಂಡರ್ಡ್ ಸ್ಪ್ಯಾನ್‌ಗಳಲ್ಲಿ 45.7 ಮೀಟರ್ ಅಂತ ಒಂದಿದೆ (ಸ್ಪ್ಯಾನ್ ಅಂದ್ರೆ ಎರಡು ಕಂಬದ ನಡುವಿನ ದೂರ), ಅದು ಅದೇ 150 ಅಡಿ. ನಮ್ಮ ಕಡೆ ಜಾಸ್ತಿ ಕಾಣೋದು ವಾರೆನ್ ಅನ್ನೋ ಇನ್ನೊಂದು ಟ್ರಸ್ ಮಾದರಿ, ಇದು 1844ರಲ್ಲಿ ಪೇಟೆಂಟ್ ಆದ ಪ್ರಾಟ್, ಓರೆ ಪಟ್ಟಿಗಳೆಲ್ಲ ಮಧ್ಯದ ಕಡೆಗೆ ಇಳಿದಿರತ್ತೆ, ಅಷ್ಟು ಸುಳ್ಳು ಹೊಟ್ಟೆಗೆ ಹಾಕೋಬೇಕು. 16.5 ಮಿಮೀ ಅಂತರದ ಹಳಿ ಮೇಲೆ ಬ್ರಾಡ್‌ಗೇಜ್ ಬೋಗಿ ಓಡಿಸೋದೇ ಸುಳ್ಳು ಬಿಡಿ, ನಿಜವಾದ ಬ್ರಾಡ್‌ಗೇಜಿನ 1676 ಮಿಮೀನ 87ರಿಂದ ಭಾಗಿಸಿದ್ರೆ 19ರ ಮೇಲೆ ಬರತ್ತೆ, ಅದನ್ನ ಯಾರೂ ಕೇಳಲ್ಲ.

ಕಟ್ಟೋ ಕೆಲಸ ಬಗ್ಗೆ ಜಾಸ್ತಿ ಹೇಳಲ್ಲ, ತಾಳ್ಮೆ ಇದ್ರೆ ಆಗತ್ತೆ. ಪೀಸ್‌ಗಳನ್ನ ಫ್ರೇಮಿಂದ ಕೈಯಲ್ಲಿ ಕೀಳ್ಬೇಡಿ, ನಿಪ್ಪರಲ್ಲಿ ಕಟ್ ಮಾಡಿ ಉಪ್ಪುಕಾಗದದಲ್ಲಿ ಉಜ್ಜಿ. ಸೂಪರ್ ಗ್ಲೂ ಬೇಡ, ಪ್ಲಾಸ್ಟಿಕ್ ಕರಗಿಸಿ ಬೆಸೆಯೋ ನೀರಂಥ ಸಿಮೆಂಟ್ ಬರತ್ತಲ್ಲ ಅದನ್ನ ಬ್ರಶ್ ತುದೀಲಿ ಸಂದಿಗೆ ಮುಟ್ಟಿಸಿದ್ರೆ ಸಾಕು, ತಾನೇ ಒಳಗೆ ಹರ್ಕೊಂಡು ಹೋಗತ್ತೆ. ಎರಡೂ ಪಕ್ಕದ ಟ್ರಸ್‌ಗಳನ್ನ ಒಂದೇ ದಿನ ಒಂದೇ ಗಾಜಿನ ಮೇಲೆ ಮಲಗಿಸಿ ಮಾಡಿ, ನಿಲ್ಸೋವಾಗ ಮೂಲೆಮಟ್ಟ ಹಿಡೀರಿ, ಇಲ್ಲಾಂದ್ರೆ ಬ್ರಿಡ್ಜ್ ಹಳೇ ಮಂಚದ ಥರ ವಾಲತ್ತೆ. ಬಣ್ಣಕ್ಕೆ ನಾನು ನಮ್ಮ ಕಡೆ ಪದ್ಧತಿ ಹಿಡಿದೆ, ಕೆಳಗೆ ರೆಡ್ ಆಕ್ಸೈಡ್, ಮೇಲೆ ಅಲ್ಯುಮಿನಿಯಂ ಬಣ್ಣ, ಆದ್ರೆ ಬೆಳ್ಳಿ ಬಣ್ಣಾನ ಹಾಗೇ ಹೊಡೆದ್ರೆ ಮದುವೆ ಮಂಟಪ ಆಗೋಗತ್ತೆ, ಬೂದು ಬೆರೆಸಿ.

ಇಲ್ಲೀವರೆಗೂ ಎಲ್ರೂ ಬರ್ತಾರೆ. ಇಲ್ಲೇ ನಿಂತೋಗ್ತಾರೆ. ಯಾಕಂದ್ರೆ ಮುಂದೆ ಹಳಿ ಕೂರಿಸಿರೋ ಪ್ಲೈವುಡ್ ಬೋರ್ಡನ್ನೇ ಕುಯ್ಯಬೇಕು, ಬ್ರಿಡ್ಜ್ ಕೆಳಗೆ ಹಳ್ಳ ಬೇಕಲ್ಲ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಹಗಲು ರೈಲಲ್ಲಿ ಹೋಗಿ ಬಂದಿದೀರಾ? 55 ಕಿಲೋಮೀಟರಲ್ಲಿ 57 ಸುರಂಗ, ನೂರಕ್ಕೂ ಮೇಲೆ ಸೇತುವೆ, 50ಕ್ಕೆ 1ರಂತೆ ಇಳಿಜಾರು. ಆ ಸೇತುವೆಗಳ ಮೇಲೆ ಕಿಟಕಿಯಿಂದ ಬಗ್ಗಿದ್ರೆ ಕಬ್ಬಿಣ ಗಿಬ್ಬಿಣ ಏನೂ ಕಾಣಲ್ಲ, ಕಾಣೋದು ಕೆಳಗೆ ಮರದ ತಲೆ, ಅದಕ್ಕೂ ಕೆಳಗೆಲ್ಲೋ ನೀರಿನ ಸದ್ದು. ಹೊಟ್ಟೇಲಿ ಒಂಥರಾ ಆಗತ್ತಲ್ಲ, ಅದಕ್ಕೇ ನಾವು ಬ್ರಿಡ್ಜ್ ಅನ್ನೋದು. ಸಪಾಟು ಪ್ಲೈ ಮೇಲೆ ಹಸಿರು ಪುಡಿ ಉದುರಿಸಿ ಟ್ರಸ್ ಇಟ್ರೆ ಅದು ದಾಟೋದಾದ್ರೂ ಏನನ್ನ?

ನಮ್ಮ ಏರಿಯಾ ಕಾರ್ಪೆಂಟರನ್ನ ಕರೆಸಿದೆ. ಪೆನ್ಸಿಲ್ ಗೆರೆ ನೋಡಿ ಆತ ಜಿಗ್‌ಸಾ ಕೆಳಗಿಟ್ಬಿಟ್ಟ. "ಸಾರ್, ಇಷ್ಟು ಚೆನ್ನಾಗಿರೋ ಪ್ಲೈ ಯಾಕ್ ಸಾರ್ ಹಾಳ್ ಮಾಡ್ತೀರಾ, ಮೇಲೇ ಇಟ್ಬಿಡಿ, ಯಾರ್ ನೋಡ್ತಾರೆ?" ನನ್ನ ಹೆಂಡ್ತಿ ಅಡುಗೆಮನೆಯಿಂದಾನೇ "ನೀವೇ ಹೇಳಿ ಅಣ್ಣ, ನಾನು ಹೇಳಿದ್ರೆ ಕೇಳಲ್ಲ ಇವರು" ಅಂದ್ಳು. ಕಡೆಗೆ ಕುಯ್ದ, ಮುಖ ಗಂಟು ಹಾಕ್ಕೊಂಡೇ ಕುಯ್ದ.

ಕೂರಿಸೋವಾಗ ನಾನು ಸರಿಯಾಗಿ ಮಾಡಿದ್ದು ಎರಡೇ. ಒಂದು, ಎತ್ತರಾನ ಹಳಿ ತಲೆಯಿಂದ ಕೆಳಕ್ಕೆ ಅಳೆದೆ. ಕೆಳಗಿಂದ ಕಂಬ ಎಬ್ಬಿಸ್ಕೊಂಡು ಬಂದ್ರೆ ಕೊನೇಲಿ 2 ಮಿಮೀ ಗೂನು ಬಂದೇ ಬರತ್ತೆ, ಇಂಜಿನ್ ಅಲ್ಲಿ ಎಡವತ್ತೆ. ಕಂಬ ಬೇಕಂತ್ಲೇ ಚೂರು ಗಿಡ್ಡ ಮಾಡಿ ಹಳೇ ವಿಸಿಟಿಂಗ್ ಕಾರ್ಡ್ ಒಂದೊಂದಾಗಿ ತುರುಕಿ ರಸಮಟ್ಟ ಇಟ್ಟು ನೋಡ್ದೆ, ಐದು ಕಾರ್ಡಿಗೆ ಗುಳ್ಳೆ ಮಧ್ಯಕ್ಕೆ ಬಂತು. ಎರಡು, ಒಂದು ತುದಿ ಮಾತ್ರ ಅಂಟಿಸಿದೆ. ನಿಜವಾದ ಬ್ರಿಡ್ಜಲ್ಲೂ ಒಂದು ಕಡೆ ಬಿಗಿ, ಇನ್ನೊಂದು ಕಡೆ ಜರುಗೋಕೆ ಬಿಟ್ಟಿರ್ತಾರೆ, 45.7 ಮೀಟರ್ ಉಕ್ಕು 30 ಡಿಗ್ರಿ ಜಾಸ್ತಿ ಕಾದ್ರೆ 16 ಮಿಮೀ ಹತ್ರ ಉದ್ದ ಆಗತ್ತೆ, ಎಲ್ಲಿಗಾದ್ರೂ ಹೋಗ್ಬೇಕಲ್ಲ. ನಮ್ಮ ಮನೇಲಿ ಬಿಸಿಲಿಗಿಂತ ಮಳೆಗಾಲದ್ದೇ ಕಾಟ, ತೇವಕ್ಕೆ ಮರ ಉಬ್ಬತ್ತೆ, ಎರಡೂ ಕಡೆ ಅಂಟಿಸಿದ್ರೆ ಪ್ಲಾಸ್ಟಿಕ್ಕೇ ಬಾಗೋದು.

ಇಷ್ಟೆಲ್ಲ ತಿಳ್ಕೊಂಡೋನು ಎಲ್ಕೇಜಿ ತಪ್ಪು ಮಾಡಿದ್ದೆ. ಮೊದಲು ಇಂಜಿನ್ ಒಂದೇ ಓಡಿಸಿದೆ, ಸಲೀಸಾಗಿ ಹೋಯ್ತು, ಹೆಂಡ್ತೀನ ಕರೆದು ತೋರಿಸಿದೆ. ಆಮೇಲೆ ಬೋಗಿ ಸೇರಿಸಿದ್ರೆ ಕರ್‌ರ್ ಅಂತ ಸದ್ದು, ಬೋಗಿಯ ಹೊಟ್ಟೆ ಬ್ರಿಡ್ಜ್ ಬಾಯಿಯ ಕಂಬಕ್ಕೆ ಉಜ್ಜಿ ರೈಲು ನಿಂತೋಯ್ತು, ಅಷ್ಟು ಕಷ್ಟಪಟ್ಟು ಹೊಡೆದ ಬೂದುಬೆಳ್ಳಿ ಕಿತ್ತು ಬಂತು. ಏನಪ್ಪಾ ಅಂದ್ರೆ ನನ್ನ 18 ಇಂಚು ತ್ರಿಜ್ಯದ ಕರ್ವ್ ಬ್ರಿಡ್ಜ್ ಬಾಯಿಗೆ ಮುಂಚೆ ಮುಗೀದೆ ಎರಡು ಇಂಚು ಒಳಗೇ ನುಗ್ಗಿತ್ತು. ಗಿಡ್ಡ ಇಂಜಿನ್‌ಗೆ ತೊಂದ್ರೆ ಇಲ್ಲ, ಆದ್ರೆ ಐಸಿಎಫ್ ಬೋಗಿ, ಅಂದ್ರೆ ಚೆನ್ನೈ ಕಾರ್ಖಾನೆಯ ಆ ನೀಲಿ ಬೋಗಿ, ಈ ಸ್ಕೇಲಲ್ಲಿ 24.5 ಸೆಂಟಿಮೀಟರ್, ಅಂಥ ಕರ್ವಲ್ಲಿ ಅದರ ನಡು ಹಳಿಯಿಂದ 8 ಮಿಮೀ ಒಳಗಡೆಗೆ ಚಾಚತ್ತೆ. ಟ್ರಸ್ ಅಂದ್ರೆ ಕಿರಿದಾದ ಓಣಿ, ಅದರೊಳಗೆ ಹಳಿ ನೆಟ್ಟಗಿರ್ಬೇಕು, ಮುಂಚೇನೂ ಒಂದು ಬೋಗಿಯಷ್ಟು ಉದ್ದ ನೆಟ್ಟಗೇ ಬಂದಿರ್ಬೇಕು. ಅತಿ ಉದ್ದದ ಬೋಗೀನ ಕೈಯಲ್ಲಿ ತಳ್ಳಿ ನೋಡೋ ಮುಂಚೆ ಗಮ್ ಬಾಟ್ಲಿ ಮುಚ್ಚಳ ತೆಗೀಬೇಡಿ, ದಯವಿಟ್ಟು.

ಕಂಬದ ಸಮೇತ ಕಿತ್ತೆ, ಕರ್ವ್ ನೆಟ್ಟಗೆ ಮಾಡಿ ಬ್ರಿಡ್ಜನ್ನ 25 ಸೆಂಟಿಮೀಟರ್ ಆ ಕಡೆ ಸರಿಸ್ಬೇಕಾಯ್ತು. ಮತ್ತೆ ಕಾರ್ಪೆಂಟರು, ಮತ್ತೆ ಜಿಗ್‌ಸಾ, ಈ ಸಲ ಆತ ಏನೂ ಮಾತಾಡ್ಲಿಲ್ಲ, ಅದೇ ಜಾಸ್ತಿ ಚುಚ್ಚಿದ್ದು. ಆ ಕಡೆ ಹೊಸ ತೂತು ಆಯ್ತು, ಈ ಕಡೆ ಹಳೇದರಲ್ಲಿ 25 ಸೆಂಟಿಮೀಟರ್ ಬಾಯಿ ಬಿಟ್ಕೊಂಡು ಉಳೀತು. ವಾಪಸ್ ಪ್ಲೈ ತುಂಡು ಹೊಡೆದು ಮುಚ್ಚೋಣ ಅಂತಿದ್ದೆ, ರಾತ್ರಿ ಸುಮ್ನೆ ಲೆಕ್ಕ ಹಾಕಿದ್ರೆ ಎಚ್‌ಒದಲ್ಲಿ 72 ಅಡಿ ಪ್ಲೇಟ್ ಗರ್ಡರ್ (ತಗಡಿನ ತೊಲೆ ಥರದ ಸೇತುವೆ) ಅಂದ್ರೆ ಸರಿಯಾಗಿ ಅಷ್ಟೇ! ನಿಜವಾದ ಹೊಳೆಗಳ ಮೇಲೂ ಎಷ್ಟೋ ಕಡೆ ನಡುವೆ ಎತ್ತರದ ಟ್ರಸ್, ದಡದ ಕಡೆ ಗಿಡ್ಡ ಗರ್ಡರ್ ಇರತ್ತಲ್ಲ. ಈ ಥರದ ಗರ್ಡರಲ್ಲಿ ಹಳಿ ಮೇಲ್ಗಡೆ ಕೂರೋದ್ರಿಂದ ಪಕ್ಕಕ್ಕೆ ಉಜ್ಜೋ ಮಾತೂ ಇಲ್ಲ. ತರಿಸಿ ಕೂರಿಸಿದೆ, ಎರಡಕ್ಕೂ ಸೇರಿಸಿ ಒಂದೇ ಉದ್ದದ ಹಳಿ ಎಳೆದೆ, ಹಳಿ ಒಳಗಡೆ ಗಾರ್ಡ್ ರೈಲೂ (ಹಳಿ ತಪ್ಪಿದ ಚಕ್ರಾನ ತಡೆಯೋ ಪಟ್ಟಿ) ಅಂಟಿಸಿದೆ. ಹೊಳೆಗೆ ಮಾತ್ರ ಇನ್ನೂ ನೀರು ಬಂದಿಲ್ಲ.

ಹೋದ ವಾರ ಕಾರ್ಪೆಂಟರ್ ಕಿಟಕಿ ರಿಪೇರಿಗೆ ಬಂದಿದ್ದ, ರೈಲು ಎರಡು ಸುತ್ತು ಹೋಗೋದನ್ನ ಬಗ್ಗಿ ನೋಡ್ದ. "ಮೊದ್ಲೇ ಹಿಂಗೇ ಪ್ಲಾನ್ ಮಾಡಿದ್ರಾ ಸಾರ್?" ಅಂದ.

ಹೂಂ ಅಂದೆ.